ಕಾಟಿಯ ರೋಗವೂ ಕೊಟ್ಟಿಗೆಯ ಲಸಿಕೆಯೂ

ಚಿಕ್ಕಮಗಳೂರು ಜಿಲ್ಲೆಯ ಭದ್ರಾ ಅಭಯಾರಣ್ಯದಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಕಾಟಿಗಳು, ಅಂದರೆ ಕಾಡುಕೋಣಗಳು, ಹಿಂಡುಹಿಂಡಾಗಿ ಸತ್ತವು. ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಕಾಡಿಗೆ ಹೊಕ್ಕಿತ್ತು. ಆಗ ಅಭಯಾರಣ್ಯದ ಒಳಗೇ ಹಳ್ಳಿಗಳಿದ್ದವು. ಹಳ್ಳಿಯ ದನಗಳು ಬೆಳಿಗ್ಗೆ ಮೇಯುತ್ತಿದ್ದ ಹಡ್ಲು ಎಂಬ ತಗ್ಗಿನ ಹುಲ್ಲುಗಾವಲುಗಳಲ್ಲಿಯೇ ಸಂಜೆ ಕಾಟಿಗಳು ಮೇಯುತ್ತಿದ್ದವು, ಬೇಸಿಗೆಯಲ್ಲಿ ಎರಡೂ ಒಂದೇ ಗುಂಡಿಯ ನೀರು ಕುಡಿಯುತ್ತಿದ್ದವು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1968ರಲ್ಲಿ, ಬಂಡೀಪುರ ಮತ್ತು ಮುದುಮಲೆಯ ಕಾಟಿಗಳನ್ನು ಇದೇ ರೋಗ ಇದೇ ರೀತಿಯಲ್ಲಿ ಕೊಂದಿತ್ತು. ಒಂದು ಟನ್ ತೂಗುವ, ಹುಲಿಯೂ ಎದುರಿಸಲು ಹಿಂಜರಿಯುವ ಪ್ರಾಣಿ ಬಾಯಲ್ಲಿ ಹುಣ್ಣಾಗಿ, ಭೇದಿಯಾಗಿ, ಕೆಲವೇ ದಿನಗಳಲ್ಲಿ ನೆಲ ಹಿಡಿಯುತ್ತಿತ್ತು.

ಇಂಥ ಸಾವುಗಳು ಕಂಡಾಗ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಕಾಡಿನ ಅಂಚಿನ ರೈತರು ಕಾಡುಪ್ರಾಣಿಗಳಿಂದ ದನಗಳಿಗೆ ರೋಗ ಬರುತ್ತದೆ ಎನ್ನುತ್ತಾರೆ. ಕಾಡನ್ನು ಪ್ರೀತಿಸುವವರು ದನಗಳಿಂದ ಕಾಡು ಹಾಳಾಗುತ್ತದೆ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಎರಡೂ ಮಾತು ಮುಖ್ಯ ಪ್ರಶ್ನೆಯನ್ನು ಕೇಳುವುದಿಲ್ಲ. ಒಂದು ರೋಗದಿಂದ ನರಳಿ ಸಾಯುವ ಪ್ರಾಣಿ ಯಾವುದು ಎಂಬುದು ಕಣ್ಣಿಗೆ ಬೇಗ ಕಾಣುತ್ತದೆ. ಆ ರೋಗವನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಂಡು ಬರುವ ಪ್ರಾಣಿ ಯಾವುದು ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಈ ಎರಡು ಪ್ರಾಣಿಗಳು ಅನೇಕ ವೇಳೆ ಬೇರೆ ಬೇರೆಯಾಗಿರುತ್ತವೆ, ಮತ್ತು ರೋಗವನ್ನು ತಡೆಯುವ ಕೆಲಸ ಎರಡನೆಯದನ್ನು ಗುರುತಿಸಿದ ಮೇಲೆಯೇ ಆರಂಭವಾಗುತ್ತದೆ.

ದೊಡ್ಡರೋಗದ ಕಥೆ ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಅದರ ವೈರಸ್ಸು ಮನುಷ್ಯರ ದಡಾರದ ವೈರಸ್ಸಿಗೆ ಹತ್ತಿರದ ನೆಂಟ. ದಡಾರದ ಹಾಗೆಯೇ ಅದೂ ಒಮ್ಮೆ ಬಂದು ಬದುಕಿದ ಪ್ರಾಣಿಗೆ ಜೀವನಪರ್ಯಂತ ಮತ್ತೆ ಬರುವುದಿಲ್ಲ. ಹೀಗಾಗಿ ಈ ವೈರಸ್ಸು ಒಂದು ಜಾಗದಲ್ಲಿ ಉಳಿಯಬೇಕಾದರೆ ಅಲ್ಲಿ ಹಿಂದೆ ರೋಗ ಕಾಣದ ಹೊಸ ಪ್ರಾಣಿಗಳು, ಅಂದರೆ ಕರುಗಳು, ಬಿಡುವಿಲ್ಲದೆ ಹುಟ್ಟುತ್ತಿರಬೇಕು. ನೂರಿನ್ನೂರು ಕಾಟಿಗಳಿರುವ ಕಾಡಿಗೆ ಅದು ಬಂದರೆ ಕೆಲವೇ ವಾರಗಳಲ್ಲಿ ಎಲ್ಲ ಪ್ರಾಣಿಗಳಿಗೂ ತಗಲಿ, ಬಹುಪಾಲನ್ನು ಕೊಂದು, ಉಳಿದವಕ್ಕೆ ನಿರೋಧಶಕ್ತಿ ಕೊಟ್ಟು, ಮುಂದೆ ತಗಲಲು ಯಾರೂ ಇಲ್ಲದೆ ತಾನೇ ಅಳಿದುಹೋಗುತ್ತದೆ. ಊರಿನಿಂದ ಊರಿಗೆ, ಸಂತೆಯಿಂದ ಸಂತೆಗೆ ನಡೆಯುವ ಲಕ್ಷಾಂತರ ದನಗಳ ನಡುವೆಯಾದರೆ ಅದಕ್ಕೆ ಕರುಗಳ ಕೊರತೆ ಇರುವುದಿಲ್ಲ. ಕಾಡುಪ್ರಾಣಿಗಳು ದೊಡ್ಡರೋಗಕ್ಕೆ ಬಲಿಯಾಗುತ್ತಿದ್ದವು, ಆದರೆ ಅದನ್ನು ಉಳಿಸಿಕೊಳ್ಳುವಷ್ಟು ಸಂಖ್ಯೆಯಲ್ಲಿ ಅವು ಇರಲಿಲ್ಲ. ರೋಗದ ನಿಜವಾದ ಮನೆ ದನಗಳ ಮಂದೆಯಾಗಿತ್ತು.

ಇದಕ್ಕೆ ಪುರಾವೆ ಸಿಕ್ಕಿದ್ದು ಆಫ್ರಿಕಾದಲ್ಲಿ. 1880ರ ದಶಕದ ಕೊನೆಯಲ್ಲಿ ಹೊರಗಿನಿಂದ ತಂದ ದನಗಳೊಂದಿಗೆ ಆ ಖಂಡದ ಈಶಾನ್ಯ ಮೂಲೆಗೆ ಬಂದ ದೊಡ್ಡರೋಗ ಹತ್ತೇ ವರ್ಷಗಳಲ್ಲಿ ದಕ್ಷಿಣದ ತುದಿಯನ್ನು ಮುಟ್ಟಿತು. ದನಗಳನ್ನೂ ಕಾಡೆಮ್ಮೆಗಳನ್ನೂ ವಿಲ್ಡ್‌ಬೀಸ್ಟ್ ಎಂಬ ಹುಲ್ಲೆಗಳನ್ನೂ ಅದು ಗುಡಿಸಿಹಾಕಿತು. ಆಮೇಲೆ ಹಲವು ದಶಕ ಸೆರೆಂಗೆಟಿ ಬಯಲಿನಲ್ಲಿ ವಿಲ್ಡ್‌ಬೀಸ್ಟ್ ಕರುಗಳು ಪ್ರತಿ ವರ್ಷವೂ ತಾಯಿಯಿಂದ ಬಂದ ರಕ್ಷಣೆ ಕರಗುವ ವಯಸ್ಸಿಗೆ ಸರಿಯಾಗಿ ಇದೇ ರೋಗಕ್ಕೆ ಸಾಯುತ್ತಿದ್ದವು. ಹೀಗೆ ವರ್ಷವರ್ಷವೂ ಬರುವ ರೋಗ ಆ ಹುಲ್ಲೆಗಳೊಳಗೇ ನೆಲೆಸಿರಬೇಕು ಎಂದು ಯಾರಿಗಾದರೂ ಅನ್ನಿಸುವಂತಿತ್ತು. ಆದರೆ ಬಯಲಿನ ಸುತ್ತಲಿನ ದನಗಳಿಗೆ ವ್ಯವಸ್ಥಿತವಾಗಿ ಲಸಿಕೆ ಹಾಕಿದ ಮೇಲೆ, 1960ರ ದಶಕದ ಆರಂಭದಲ್ಲಿ, ಒಂದೇ ಒಂದು ವಿಲ್ಡ್‌ಬೀಸ್ಟ್‌ಗೂ ಸೂಜಿ ಚುಚ್ಚದೆ ಕರುಗಳ ಸಾವು ನಿಂತುಹೋಯಿತು. ಆಗ ಸುಮಾರು ಎರಡೂವರೆ ಲಕ್ಷವಿದ್ದ ಅವುಗಳ ಸಂಖ್ಯೆ 1970ರ ದಶಕದ ಕೊನೆಯ ಹೊತ್ತಿಗೆ ಹದಿಮೂರು ಲಕ್ಷ ದಾಟಿತು. ಕಾಡುಪ್ರಾಣಿ ಸಂರಕ್ಷಣೆಯ ಇತಿಹಾಸದಲ್ಲಿ ಇಷ್ಟು ದೊಡ್ಡ ಫಲ ಕೊಟ್ಟ ಕೆಲಸಗಳು ಬಹಳ ಕಡಿಮೆ. ಆ ಕೆಲಸವನ್ನು ಮಾಡಿದವರು ಪಶುವೈದ್ಯರು, ಮತ್ತು ಅವರು ಮಾಡಿದ್ದು ದನಗಳಿಗಾಗಿ.

ನಮ್ಮ ದೇಶದಲ್ಲಿ ದೊಡ್ಡರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ 1954ರಲ್ಲಿ ಶುರುವಾಯಿತು. ಭಾರತದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತು ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದಲೇ ಅಳಿಸಿಹಾಕಿದ ಎರಡನೆಯ ರೋಗ ಇದು. ಭದ್ರಾದ ಕಾಟಿಗಳಿಗೆ ಇದರ ಲಾಭ ನೇರವಾಗಿ ಸಿಕ್ಕಿತು. ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. 2002ರ ಹೊತ್ತಿಗೆ ಅಭಯಾರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ತರೀಕೆರೆ ಮತ್ತು ಮೂಡಿಗೆರೆ ತಾಲ್ಲೂಕುಗಳ ಪುನರ್ವಸತಿ ಊರುಗಳಿಗೆ ಹೋದವು. ಅವರ ಜೊತೆ ಅವರ ದನಗಳೂ ಕಾಡಿನಿಂದ ಹೊರಬಂದವು. ಇವತ್ತು ಅಭಯಾರಣ್ಯದ ಮುತ್ತೋಡಿಯ ಕಡೆ ಹೋದವರಿಗೆ ಕಾಟಿಗಳ ಹಿಂಡು ಕಾಣುವುದು ಅಪರೂಪವಲ್ಲ. ಈ ಚೇತರಿಕೆಯ ಶ್ರೇಯಸ್ಸನ್ನು ಸ್ಥಳಾಂತರಕ್ಕೆ ಮಾತ್ರ ಕೊಡುವವರಿದ್ದಾರೆ, ಬೇಟೆ ತಡೆಗೆ ಕೊಡುವವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ, ಹಳ್ಳಿಹಳ್ಳಿ ತಿರುಗಿ ಲಸಿಕೆ ಹಾಕಿದ ಪಶುಸಂಗೋಪನಾ ಇಲಾಖೆಯ ಸಿಬ್ಬಂದಿಗೆ ಈ ಕಥೆಯಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಕಾಲುಬಾಯಿ ಜ್ವರದ ಸಂಗತಿ ಇಷ್ಟು ಸರಳವಾಗಿಲ್ಲ. ಇದೂ ವೈರಸ್ಸಿನಿಂದಲೇ ಬರುವ ರೋಗ; ಇದೂ ದನ, ಎಮ್ಮೆ, ಕುರಿ, ಹಂದಿಗಳಂತೆ ಕಾಟಿ, ಕಡವೆ, ಜಿಂಕೆ, ಕಾಡುಹಂದಿಗಳಿಗೂ ತಗಲುತ್ತದೆ. ಆದರೆ ದೊಡ್ಡರೋಗದ ವೈರಸ್ಸು ಒಂದೇ ಬಗೆಯದಾಗಿದ್ದರೆ, ಕಾಲುಬಾಯಿ ಜ್ವರದ ವೈರಸ್ಸಿನಲ್ಲಿ ಹಲವು ಬಗೆಗಳಿವೆ. ಭಾರತದಲ್ಲಿ ಈಗ ಓಡಾಡುವವು ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳು, ಮತ್ತು ಒಂದರ ವಿರುದ್ಧ ಬಂದ ನಿರೋಧಶಕ್ತಿ ಇನ್ನೊಂದರ ವಿರುದ್ಧ ಕೆಲಸ ಮಾಡುವುದಿಲ್ಲ. ಲಸಿಕೆಯ ರಕ್ಷಣೆ ಸುಮಾರು ಆರು ತಿಂಗಳು ಮಾತ್ರ ಇರುತ್ತದೆ. ರೋಗ ಹತ್ತಿದ ದನ ಜೊಲ್ಲು ಸುರಿಸುವ ಮೊದಲೇ, ಗೊರಸಿನ ಸಂದಿನಲ್ಲಿ ಗುಳ್ಳೆ ಏಳುವ ಮೊದಲೇ ಹಾಲಿನಲ್ಲೂ ಉಸಿರಿನಲ್ಲೂ ವೈರಸ್ಸನ್ನು ಹೊರಹಾಕಲು ಶುರುಮಾಡಿರುತ್ತದೆ. ವಾಸಿಯಾಗಿ ಮತ್ತೆ ಮೇಯುವ ಕೆಲವು ದನಗಳ ಗಂಟಲಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿಯೂ ಉಳಿದಿರುತ್ತದೆ. ಕಾಯಿಲೆಯ ದನವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಉಳಿದವನ್ನು ಎಂದಿನಂತೆ ಮೇಯಲು ಬಿಡುವ ನಮ್ಮ ರೂಢಿ ಈ ರೋಗದ ಮುಂದೆ ಸಾಲುವುದಿಲ್ಲ.

ಮೂಡಿಗೆರೆ, ಆಲೂರು, ಸಕಲೇಶಪುರದ ಕಡೆ ಕಾಟಿಗಳು ಈಗ ಕಾಡಿನೊಳಗೆ ಮಾತ್ರ ಇಲ್ಲ. ಕಾಫಿ ತೋಟದ ನೆರಳು, ತೋಟದ ನಡುವಿನ ಕೆರೆ, ಪಾಳುಬಿದ್ದ ಗದ್ದೆಯ ಎಳೆ ಹುಲ್ಲು, ಇವೆಲ್ಲ ಅವಕ್ಕೆ ಒಗ್ಗಿವೆ. ಬೇಸಿಗೆಯ ಎರಡು ಮೂರು ತಿಂಗಳು ತೋಟದ ಕೆರೆಯೇ ಸುತ್ತಲಿನ ಎಲ್ಲ ಪ್ರಾಣಿಗಳ ನೀರಿನ ತಾಣವಾಗುತ್ತದೆ. ಕೆರೆಯ ಅಂಚಿನ ಕೆಸರನ್ನು ಬೆಳಿಗ್ಗೆ ನೋಡಿದರೆ ದನದ ಗೊರಸಿನ ಗುರುತಿನ ಮೇಲೆಯೇ ಕಾಟಿಯ ದೊಡ್ಡ ಗೊರಸಿನ ಗುರುತು ಕೂತಿರುತ್ತದೆ, ಪಕ್ಕದಲ್ಲೇ ಜೊಲ್ಲು ಬಿದ್ದು ನೊರೆಗಟ್ಟಿದ ನೀರು ಇರುತ್ತದೆ. ರೋಗ ದಾಟಲು ಎರಡು ಪ್ರಾಣಿಗಳು ಮುಖಾಮುಖಿ ಆಗಬೇಕಿಲ್ಲ. ಒಂದೇ ಕೆಸರನ್ನು ಕೆಲವು ಗಂಟೆಗಳ ಅಂತರದಲ್ಲಿ ತುಳಿದರೂ ಸಾಕು. ಒದ್ದೆ, ತಂಪು, ನೆರಳು ಇರುವ ಕಡೆ ಈ ವೈರಸ್ಸು ದಿನಗಟ್ಟಲೆ ಬದುಕಿರುತ್ತದೆ, ಬಿಸಿಲು ಬಿದ್ದು ಒಣಗಿದ ನೆಲದಲ್ಲಿ ಬೇಗ ಸಾಯುತ್ತದೆ. ಮಲೆನಾಡಿನ ಹವೆ ಯಾರ ಪರವಾಗಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ರೋಗ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ? ಆಫ್ರಿಕಾದ ಕಾಡೆಮ್ಮೆಗಳು ತಮ್ಮದೇ ಆದ ಕೆಲವು ಬಗೆಯ ಕಾಲುಬಾಯಿ ವೈರಸ್ಸುಗಳನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತವೆ ಮತ್ತು ದನಗಳಿಗೆ ದಾಟಿಸುತ್ತವೆ. ಭಾರತದಲ್ಲಿ ಕಾಡುಪ್ರಾಣಿಗಳಲ್ಲಿ ಸಿಕ್ಕಿರುವವು ದನಗಳಲ್ಲಿ ಓಡಾಡುವ ಬಗೆಗಳೇ ಆಗಿದ್ದು, ಹಳ್ಳಿಯಲ್ಲಿ ರೋಗ ಹಬ್ಬಿದ ಮೇಲೆ ಕಾಡಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲಿ ಹೆಚ್ಚು. 2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಹಬ್ಬಿ ಸಾವಿರಾರು ಜಾನುವಾರುಗಳು ಸತ್ತಾಗ ರೋಗ ಸಾಗಿದ್ದು ಸಂತೆ, ಜಾತ್ರೆ ಮತ್ತು ಲಾರಿಗಳ ದಾರಿಯಲ್ಲಿ. ಅಂದಮೇಲೆ ಮೊದಲ ಕೆಲಸ ಕೊಟ್ಟಿಗೆಯಲ್ಲೇ ಆಗಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ದನ, ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತದೆ. ಈ ಕಾರ್ಯಕ್ರಮದ ದುರ್ಬಲ ಜಾಗ ನಮ್ಮ ಕಡೆ ಯಾವುದೆಂದು ಹಳ್ಳಿಯವರಿಗೆಲ್ಲ ಗೊತ್ತು. ಹಾಲು ಕೊಡುವ ಮಿಶ್ರತಳಿ ಹಸು ಕೊಟ್ಟಿಗೆಯಲ್ಲಿ ಕಟ್ಟಿಕೊಂಡೇ ಇರುವುದರಿಂದ ಅದಕ್ಕೆ ಸೂಜಿ ಸಿಗುತ್ತದೆ. ಬೆಳಗಾದರೆ ಬಿಟ್ಟುಬಿಡುವ, ಕೆಲವೊಮ್ಮೆ ರಾತ್ರಿಯೂ ಗುಡ್ಡದಲ್ಲೇ ಉಳಿಯುವ, ಅಪರಿಚಿತರು ಹತ್ತಿರ ಹೋದರೆ ಬೇಲಿ ಹಾರುವ ಮಲೆನಾಡು ಗಿಡ್ಡ ದನಗಳಿಗೆ ಸಿಗುವುದು ಕಷ್ಟ. ಕಾಟಿಗಳ ಜೊತೆ ಒಂದೇ ಹುಲ್ಲು ಮೇಯುವುದು ಮಾತ್ರ ಈ ಗಿಡ್ಡಗಳೇ. ಕಾಡಂಚಿನ ಊರುಗಳಲ್ಲಿ ಲಸಿಕೆ ಹಾಕುವ ದಿನವನ್ನು ಮೂರು ದಿನ ಮೊದಲೇ ತಿಳಿಸಿ, ಅವತ್ತು ಬೆಳಿಗ್ಗೆ ದನ ಬಿಡದಂತೆ ಮನೆಮನೆಗೆ ಹೇಳಿ, ದೊಡ್ಡಿಗೆ ಕೂಡಿ ಹಾಕಿದರೆ ಇದು ಅಸಾಧ್ಯವೇನಲ್ಲ.

ಮಂಗನ ಕಾಯಿಲೆಯಲ್ಲಿ ದನದ ಪಾತ್ರ ಇನ್ನೂ ವಿಚಿತ್ರವಾದದ್ದು, ಏಕೆಂದರೆ ಅಲ್ಲಿ ದನ ಕಾಯಿಲೆಯನ್ನೇ ಬೀಳುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯತೊಡಗಿ, ಜೊತೆಗೇ ಸುತ್ತಲ ಹಳ್ಳಿಗಳ ಜನರಿಗೆ ಭಾರಿ ಜ್ವರ ಬಂದಾಗ, ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂಬ ಆತಂಕ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷಿಸಿದಾಗ ಅದು ಜಗತ್ತಿಗೇ ಹೊಸದಾದ ವೈರಸ್ಸು ಎಂದು ತಿಳಿಯಿತು. ರಷ್ಯಾದ ಕಾಡುಗಳಲ್ಲಿ ಉಣ್ಣೆ ಎಂಬ ರಕ್ತ ಹೀರುವ ಹುಳುಗಳಿಂದ ಹರಡುವ ಮೆದುಳು ಜ್ವರದ ವೈರಸ್ಸಿಗೆ ಅದು ಸಂಬಂಧಿ. ಹಲವು ದಶಕ ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳಿಗೆ ಸೀಮಿತವಾಗಿದ್ದ ಈ ರೋಗ 2012ರ ನಂತರ ಬಂಡೀಪುರ, ವಯನಾಡು, ಗೋವಾಗಳಲ್ಲೂ ಕಂಡಿತು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ಇದರ ಭಯವೂ ಬರುತ್ತದೆ.

ಇದನ್ನು ಹರಡುವ ಮುಖ್ಯ ಉಣ್ಣೆ, ನಮ್ಮ ಕಡೆ ಉಣುಗು ಎನ್ನುವುದು, ತನ್ನ ಜೀವನದಲ್ಲಿ ಮೂರೇ ಸಲ ರಕ್ತ ಹೀರುತ್ತದೆ, ಮೂರು ಸಲವೂ ಬೇರೆ ಬೇರೆ ಪ್ರಾಣಿಯ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆಯಿಂದ ಹೊರಬರುವ ಆರು ಕಾಲಿನ ಮರಿಗಳು ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಓಡಾಡುವ ಇಲಿ, ಚಿಕ್ಕಿಲಿ, ಅಳಿಲು, ನೆಲದ ಹಕ್ಕಿಗಳನ್ನು ಹಿಡಿಯುತ್ತವೆ. ರಕ್ತ ಕುಡಿದು ಬಿದ್ದು, ಪೊರೆ ಕಳಚಿ, ಎಂಟು ಕಾಲಿನ ಎಳೆಯ ಉಣುಗಾಗುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿನಲ್ಲಿ ಮನುಷ್ಯರಿಗೂ ಮಂಗಗಳಿಗೂ ಹತ್ತುವುದು ಹೆಚ್ಚಾಗಿ ಈ ಹಂತದ ಉಣುಗುಗಳೇ. ಅವು ಎಳ್ಳಿಗಿಂತ ಚಿಕ್ಕವು. ಸೊಪ್ಪು ತರಲು ಹೋದವರ ಕಾಲಿನ ಮೇಲೆ, ಮಂಡಿಯ ಹಿಂಭಾಗದಲ್ಲಿ, ಸೊಂಟದ ಪಟ್ಟಿಯ ಕೆಳಗೆ ಕಂದು ಚುಕ್ಕಿಯಂತೆ ಕೂತಿರುತ್ತವೆ. ಕೆರೆದರೆ ಧೂಳೆಂದುಕೊಂಡದ್ದು ನಡೆಯಲು ಶುರುಮಾಡಿದಾಗ ಮಾತ್ರ ತಿಳಿಯುತ್ತದೆ. ಮೂರನೆಯ ಹಂತದ ದೊಡ್ಡ ಉಣುಗಿಗೆ ಮಾತ್ರ ಇಲಿಯೂ ಮಂಗವೂ ಸಾಲದು. ಅದಕ್ಕೆ ದನ, ಕಾಟಿ, ಕಡವೆಯಂಥ ದೊಡ್ಡ ಮೈ ಬೇಕು. ದನದ ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಕೆಚ್ಚಲಿನ ಬುಡದಲ್ಲಿ ಕಚ್ಚಿಕೊಂಡು, ರಕ್ತ ತುಂಬಿ ಊದಿಕೊಂಡು, ಕೊನೆಗೆ ನೆಲಕ್ಕೆ ಬಿದ್ದು ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ.

ಈ ಮೂರು ಹಂತಗಳನ್ನು ಒಟ್ಟಿಗೆ ನೋಡಿದರೆ ಪ್ರತಿ ಪ್ರಾಣಿಯ ಪಾತ್ರ ಬೇರೆ ಬೇರೆಯೆಂದು ಗೊತ್ತಾಗುತ್ತದೆ. ಸಣ್ಣ ಪ್ರಾಣಿಗಳು ಮತ್ತು ಉಣುಗುಗಳು ಸದ್ದಿಲ್ಲದೆ ವೈರಸ್ಸನ್ನು ಕಾಡಿನಲ್ಲಿ ಉಳಿಸಿಕೊಳ್ಳುತ್ತವೆ. ಮಂಗನ ರಕ್ತದಲ್ಲಿ ವೈರಸ್ಸು ಭಾರಿ ಪ್ರಮಾಣದಲ್ಲಿ ಬೆಳೆಯುವುದರಿಂದ ಒಂದು ಮಂಗನ ಮೈಮೇಲಿರುವ ನೂರಾರು ಉಣುಗುಗಳು ಒಟ್ಟಿಗೆ ಸೋಂಕು ಹೊತ್ತುಕೊಳ್ಳುತ್ತವೆ. ಮಂಗ ಸತ್ತು ಬಿದ್ದಾಗ ಆ ಉಣುಗುಗಳೆಲ್ಲ ಕಳಚಿ ಅದೇ ಜಾಗದಲ್ಲಿ ಹರಡುತ್ತವೆ. ಮನುಷ್ಯ ಈ ಸರಪಳಿಯ ಕೊನೆಯ ಕೊಂಡಿ. ಅವನಿಂದ ಇನ್ನೊಬ್ಬ ಮನುಷ್ಯನಿಗೆ ರೋಗ ಹೋಗುವುದಿಲ್ಲ. ದನದ ರಕ್ತದಲ್ಲಿ ವೈರಸ್ಸು ಹೇಳಿಕೊಳ್ಳುವಷ್ಟು ಬೆಳೆಯದಿರುವುದರಿಂದ ಅದರಿಂದ ಉಣುಗಿಗೆ ಸೋಂಕು ಹತ್ತುವುದು ತೀರ ಕಡಿಮೆ. ಅದು ಕೊಡುವುದು ರಕ್ತವನ್ನು, ಆ ಮೂಲಕ ಮುಂದಿನ ವರ್ಷದ ಉಣುಗುಗಳ ಸಂಖ್ಯೆಯನ್ನು. ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಈ ವಾದವನ್ನು ಮುಂದಿಟ್ಟಿದ್ದರು: ಈ ವೈರಸ್ಸು ಕಾಡಿನಲ್ಲಿ ಮೊದಲಿನಿಂದಲೂ ಇದ್ದಿರಬೇಕು, ಕಾಡು ಕಡಿದು ಸಾಗುವಳಿ ಹೆಚ್ಚಿ, ಮೇಯುವ ದನಗಳು ಹೆಚ್ಚಿ, ಉಣುಗುಗಳು ಹೆಚ್ಚಿದ ಮೇಲೆ ಅದು ಮನುಷ್ಯನ ಕಣ್ಣಿಗೆ ಬಿದ್ದಿದೆ ಎಂದು.

ಇತ್ತೀಚಿನ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಈ ರೋಗ ಹೆಚ್ಚು ಕಾಣುವುದು ನಡುಕಾಡಿನಲ್ಲಿ ಅಲ್ಲ. ಕಾಡಿನ ತುಂಡು, ಅಡಿಕೆ ತೋಟ, ಗದ್ದೆ, ಮನೆ ಒಂದರೊಳಗೊಂದು ಹೆಣೆದುಕೊಂಡಿರುವ ಕಡೆ. ಕೊಪ್ಪ, ಶೃಂಗೇರಿಗಳ ಭೂಮಿ ಹೆಚ್ಚುಕಡಿಮೆ ಪೂರ್ತಿ ಹೀಗೇ ಇದೆ. ಇಲ್ಲಿನ ಒಕ್ಕಲುತನವೂ ಕಾಡನ್ನು ಬಿಟ್ಟು ನಡೆಯುವಂಥದ್ದಲ್ಲ. ಮಳೆ ನಿಂತು ಎಲೆ ಉದುರಿದ ಮೇಲೆ, ಸರಿಯಾಗಿ ಎಳೆ ಉಣುಗುಗಳ ಕಾಲದಲ್ಲೇ, ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ಹೊರೆ ಕಟ್ಟಿ ತರುತ್ತಾರೆ. ಆ ಹೊರೆಯಲ್ಲಿ ಉಣುಗೂ ಮನೆಗೆ ಬರುತ್ತದೆ. ದರಗಿಗೆ ಹೋಗಬೇಡಿ, ಕಾಡಿಗೆ ದನ ಬಿಡಬೇಡಿ ಎಂದು ಕರಪತ್ರ ಹಂಚುವುದು ಸುಲಭ, ಆದರೆ ಗೊಬ್ಬರ ಕೊಳ್ಳಲು, ಮೇವು ಕೊಳ್ಳಲು ಹಣವಿಲ್ಲದ ಮನೆಗೆ ಆ ಮಾತು ನಿಲುಕುವುದಿಲ್ಲ. ಆ ಮನೆಗಳಿಗೆ ಉಪಯೋಗವಾಗುವ ಕ್ರಮಗಳು ಬೇರೆ. ಕಾಡಿಗೆ ಹೋಗುವ ಮೊದಲು ಮೈಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ಹಾಕುವುದು, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು ಮನುಷ್ಯರಿಗಾದರೆ, ಪಶುವೈದ್ಯರು ಹೇಳಿದ ಉಣ್ಣೆನಾಶಕವನ್ನು ಮಳೆಗಾಲದ ಆರಂಭದಿಂದಲೇ, ದೊಡ್ಡ ಉಣುಗುಗಳು ದನಗಳ ಮೈ ಹಿಡಿಯುವ ಹೊತ್ತಿನಲ್ಲಿ, ಕ್ರಮವಾಗಿ ಕೊಡಿಸುವುದು ದನಗಳಿಗೆ. ಬೇಸಿಗೆಯ ಜ್ವರಕ್ಕೆ ಮದ್ದು ಹಿಂದಿನ ಮಳೆಗಾಲದ ಕೊಟ್ಟಿಗೆಯಲ್ಲೂ ಇದೆ ಎಂಬುದನ್ನು ಆರೋಗ್ಯ ಇಲಾಖೆಯ ಪ್ರಚಾರದಲ್ಲಿ ನಾನು ಇನ್ನೂ ಹೆಚ್ಚು ಕೇಳಬಯಸುತ್ತೇನೆ.

ಮನುಷ್ಯರಿಗಾಗಿ 1990ರ ಸುಮಾರಿನಿಂದ ಬಳಕೆಯಲ್ಲಿದ್ದ ಹಳೆಯ ಲಸಿಕೆ ಪದೇಪದೇ ಹಾಕಿಸಿಕೊಂಡರೂ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕಂಡುಬಂದು, 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ರೋಗಕ್ಕೆ ನಿರ್ದಿಷ್ಟ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ ರಕ್ತಸ್ರಾವ, ನಿರ್ಜಲೀಕರಣಗಳಿಗೆ ಆರೈಕೆ ಪಡೆಯುವುದೇ ಚಿಕಿತ್ಸೆ. ಹೀಗಿರುವಾಗ ಸತ್ತ ಮಂಗದ ಸುದ್ದಿ ಎಷ್ಟು ಬೇಗ ಮುಟ್ಟುತ್ತದೆ ಎಂಬುದಕ್ಕೆ ಬಹಳ ಬೆಲೆ ಇದೆ. ಮಂಗ ಸತ್ತದ್ದು ಕಂಡರೆ ಮುಟ್ಟದೆ, ಹತ್ತಿರ ನಿಲ್ಲದೆ, ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು. ಅವರು ಮಾದರಿ ತೆಗೆದು, ಹೆಣವನ್ನು ಸುಟ್ಟು, ಸುತ್ತಲಿನ ನೆಲಕ್ಕೆ ಕೀಟನಾಶಕ ಹಾಕುತ್ತಾರೆ. ಆ ಜಾಗದ ಕಡೆ ಕೆಲವು ವಾರ ದನಗಳನ್ನೂ ಬಿಡಬಾರದು, ಏಕೆಂದರೆ ಸೋಂಕು ಹೊತ್ತ ಉಣುಗುಗಳು ದನದ ಮೈ ಏರಿ ಮನೆಯ ಅಂಗಳಕ್ಕೆ ಬರಬಲ್ಲವು.

ಚಿಕ್ಕಮಗಳೂರು ಜಿಲ್ಲೆಯ ಪೂರ್ವಕ್ಕೆ, ಕಡೂರು, ಅಜ್ಜಂಪುರದ ಬಯಲುಸೀಮೆಗೆ ಹೋದರೆ ಕಾಡೂ ಬೇರೆ, ರೋಗಗಳೂ ಬೇರೆ. ಮೈಸೂರು ಅರಸರ ಕಾಲದ ಅಮೃತಮಹಲ್ ಕಾವಲುಗಳು, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳು, ಅಲ್ಲಿ ಇನ್ನೂ ಉಳಿದಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿದ್ದು ಅಲ್ಲಿನ ಕೃಷ್ಣಮೃಗಗಳಿಗಾಗಿ. ಅಮೃತಮಹಲ್ ದನ, ಊರಿನ ಕುರಿಮಂದೆ, ಕೃಷ್ಣಮೃಗ, ತೋಳ ಎಲ್ಲವೂ ಒಂದೇ ಹುಲ್ಲುಗಾವಲನ್ನು ಹಂಚಿಕೊಂಡಿರುವ ಇಂಥ ಜಾಗಗಳು ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟೇ ಇವೆ. ಇಲ್ಲಿ ಎಚ್ಚರ ಬೇಕಿರುವುದು ಕುರಿ ಮೇಕೆಗಳ ಹಿರೇಬೇನೆಯ ಬಗ್ಗೆ, ಅಂದರೆ ಪಶುವೈದ್ಯರು ಪಿಪಿಆರ್ ಎನ್ನುವ ರೋಗದ ಬಗ್ಗೆ. ಇದರ ವೈರಸ್ಸು ದೊಡ್ಡರೋಗದ ವೈರಸ್ಸಿನ ಒಡಹುಟ್ಟು. ಭಾರತದಲ್ಲಿ ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಮಂಗೋಲಿಯಾದ ಬಯಲಿನಲ್ಲಿ 2016ರ ಕೊನೆಯಲ್ಲಿ ಕುರಿ ಮೇಕೆಗಳಿಂದ ಇದು ಸೈಗಾ ಎಂಬ ಅಪರೂಪದ ಹುಲ್ಲೆಗಳಿಗೆ ದಾಟಿ, ಕೆಲವೇ ತಿಂಗಳಲ್ಲಿ ಅಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕೊಂದಿತು. ಒಂದು ಸಣ್ಣ ಕಾವಲಿನಲ್ಲಿ ಉಳಿದಿರುವ ಕೃಷ್ಣಮೃಗಗಳಿಗೆ ಅಂಥದೊಂದು ವರ್ಷವನ್ನು ತಡೆದುಕೊಳ್ಳುವ ಬಲವಿಲ್ಲ. ಸಮಾಧಾನದ ವಿಷಯವೆಂದರೆ ಹಿರೇಬೇನೆಯ ಲಸಿಕೆ ಬಹಳ ಒಳ್ಳೆಯದು. ಒಂದೇ ಸಲ ಹಾಕಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ರಕ್ಷಣೆ ಕೊಡುತ್ತದೆ. 2030ರೊಳಗೆ ಈ ರೋಗವನ್ನು ಜಗತ್ತಿನಿಂದ ನಿರ್ಮೂಲ ಮಾಡುವ ಗುರಿಯೂ ಇದೆ. ಕಾವಲಿಗೆ ಬರುವ ಮಂದೆಗಳಿಗೆ, ವಿಶೇಷವಾಗಿ ದೂರದಿಂದ ನಡೆದು ಬರುವ ಮಂದೆಗಳಿಗೆ, ಮೊದಲು ಲಸಿಕೆ ಹಾಕುವುದು ಕೃಷ್ಣಮೃಗಗಳಿಗೆ ಮಾಡಬಹುದಾದ ಅತಿ ಅಗ್ಗದ ಉಪಕಾರ.

ನಾಯಿಗಳನ್ನೂ ಇಲ್ಲಿ ಹೆಸರಿಸಲೇಬೇಕು, ಅವು ಜಾನುವಾರುಗಳ ಲೆಕ್ಕಕ್ಕೆ ಬಾರದಿದ್ದರೂ. ದೊಡ್ಡರೋಗದ ಅದೇ ಕುಟುಂಬಕ್ಕೆ ಸೇರಿದ, ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವೈರಸ್ಸು 1994ರಲ್ಲಿ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಕೊಂದಿತು. 2018ರಲ್ಲಿ ಗುಜರಾತಿನ ಗಿರ್ ಕಾಡಿನ ಸಿಂಹಗಳ ಸಾವಿನಲ್ಲೂ ಅದೇ ಸಿಕ್ಕಿತು. ಭದ್ರಾ ಮತ್ತು ಕುದುರೆಮುಖದ ಅಂಚಿನ ಎಸ್ಟೇಟುಗಳ ಕೂಲಿಯವರ ಲೈನ್ ಮನೆಗಳ ಸುತ್ತ ಇರುವ ನಾಯಿಗಳಿಗೆ ರೇಬೀಸ್ ಲಸಿಕೆ ಕೆಲವೊಮ್ಮೆಯಾದರೂ ಸಿಗುತ್ತದೆ, ಡಿಸ್ಟೆಂಪರ್ ಲಸಿಕೆ ಸಿಗುವುದಿಲ್ಲ. ಅದೇ ಬೆಟ್ಟಗಳಲ್ಲಿ ಗುಂಪಾಗಿ ಬದುಕುವ, ಒಂದು ಸತ್ತರೆ ಗುಂಪೇ ಅಪಾಯಕ್ಕೆ ಸಿಲುಕುವ ಸೀಳುನಾಯಿಗಳಿವೆ.

ಸತ್ತ ಜಾನುವಾರುಗಳ ವಿಲೇವಾರಿಯ ಪ್ರಶ್ನೆಯೂ ಇದೆ. ನೆರಡಿ ರೋಗದ (ಆಂಥ್ರಾಕ್ಸ್) ಬ್ಯಾಕ್ಟೀರಿಯಾ ಗಾಳಿ ಸೋಕಿದಾಗ ಗಟ್ಟಿ ಬೀಜಕಣಗಳಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಬದುಕುತ್ತದೆ. ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿರುವ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಹೆಣ ಮುಚ್ಚಿಯೇ ಇದ್ದರೆ ಕೊಳೆಯುವಾಗಲೇ ಬ್ಯಾಕ್ಟೀರಿಯಾ ಸಾಯುತ್ತವೆ, ಕೊಯ್ದರೆ ಆ ಗುಡ್ಡದಲ್ಲಿ ಮುಂದೆ ಮೇಯುವ ದನಕ್ಕೂ ಆನೆಗೂ ಅಪಾಯವನ್ನು ಬಿತ್ತಿದಂತೆ. ಹಿಂದೆ ಬಿಟ್ಟ ಹೆಣಗಳನ್ನು ಗಂಟೆಗಳಲ್ಲಿ ಮುಗಿಸುತ್ತಿದ್ದ ರಣಹದ್ದುಗಳು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ಬಹುತೇಕ ನಾಶವಾದವು. ಪಶುಚಿಕಿತ್ಸೆಯಲ್ಲಿ ಅದನ್ನು 2006ರಲ್ಲಿ ನಿಷೇಧಿಸಲಾಯಿತು, ಆದರೆ ಹದ್ದುಗಳು ನಮ್ಮ ಕಡೆಗೆ ಮರಳಿಲ್ಲ. ಆ ಕೆಲಸ ಈಗ ನಾಯಿಗಳ ಪಾಲಾಗಿದೆ.

ಈ ಎಲ್ಲ ರೋಗಗಳಲ್ಲಿ ನಾವು ಹಿಂದೆ ಬೀಳುತ್ತಿರುವುದು ಮಾಹಿತಿಯ ಹರಿವಿನಲ್ಲಿ. ದನ ಕಾಯಿಲೆ ಬಿದ್ದರೆ ಪಶು ಆಸ್ಪತ್ರೆಯ ಪುಸ್ತಕದಲ್ಲಿ ದಾಖಲಾಗುತ್ತದೆ, ಕಾಟಿ ಸತ್ತರೆ ಅರಣ್ಯ ಇಲಾಖೆಯ ಕಡತದಲ್ಲಿ, ಮನುಷ್ಯನಿಗೆ ಜ್ವರ ಬಂದರೆ ಆರೋಗ್ಯ ಕೇಂದ್ರದಲ್ಲಿ. ಮೂರೂ ಒಂದೇ ವಾರದಲ್ಲಿ ಒಂದೇ ಹೋಬಳಿಯಲ್ಲಿ ನಡೆದರೂ ಮೂರನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ತಾಲ್ಲೂಕು ಮಟ್ಟದಲ್ಲಿ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನ ಯಲಹಂಕದಲ್ಲಿ ಜಾನುವಾರು ರೋಗಗಳ ಮುನ್ಸೂಚನೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆಯಿದೆ, ಹೆಬ್ಬಾಳದಲ್ಲಿ ಪ್ರಯೋಗಾಲಯಗಳಿವೆ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕೊರತೆ ಇರುವುದು ಕಾಡಿನ ಅಂಚಿನಿಂದ ಅಲ್ಲಿಯವರೆಗಿನ ದಾರಿಯಲ್ಲಿ.

ಆ ದಾರಿ ಶುರುವಾಗಬೇಕಾದದ್ದು ದನ ಕಾಯುವವರಿಂದ. ತೋಟದ ಕೆರೆಯ ಬಳಿ ಕುಂಟುವ ಕಾಟಿಯನ್ನು, ಗುಂಪಿನಿಂದ ಹಿಂದುಳಿದು ಜೊಲ್ಲು ಸುರಿಸುತ್ತ ನಿಂತ ಕಡವೆಯನ್ನು ಮೊದಲು ನೋಡುವವರು ಅವರೇ. ಹಾಗೆ ಕಂಡಾಗ ಹತ್ತಿರ ಹೋಗದೆ, ದೂರದಿಂದ ಮೊಬೈಲಿನಲ್ಲಿ ಚಿತ್ರ ತೆಗೆದು, ದಿನವನ್ನೂ ಜಾಗವನ್ನೂ ಹೇಳಿ ಅರಣ್ಯ ರಕ್ಷಕರಿಗೂ ಪಶುವೈದ್ಯರಿಗೂ ಒಟ್ಟಿಗೆ ಕಳಿಸಿದರೆ, ಎರಡು ವಾರ ತಮ್ಮ ದನಗಳಿಗೆ ಬೇರೆ ನೀರು ತೋರಿಸಿದರೆ, ಆ ಊರಿನ ಲಸಿಕೆಯ ಸರದಿ ಯಾವಾಗ ಮುಗಿದಿತ್ತೆಂದು ಪಶು ಆಸ್ಪತ್ರೆಯವರು ಅದೇ ದಿನ ತೆಗೆದು ನೋಡಿದರೆ, ರೋಗ ಮುಂದಿನ ಊರನ್ನು ಮುಟ್ಟುವ ಮೊದಲೇ ಅಲ್ಲಿಗೆ ಸೂಜಿ ಮುಟ್ಟಿಸಲು ಸಮಯ ಸಿಗುತ್ತದೆ.